ಕಾಲು ಹೊಟ್ಟೆಯ ಚನಿಯಪ್ಪ

ಸುಳ್ಯದ ಬಸ್‌ಸ್ಟ್ಯಾಂಡಿನಲ್ಲಿ ಏಜೆಂಟನಾಗಿದ್ದ ಚನಿಯಪ್ಪನ ದೇಹದಲ್ಲಿ ಎರಡು ಅಂಗಗಳು ಲೋಕಪ್ರಸಿದ್ಧವಾಗಿದ್ದವು. ಒಂದು ಗಂಟಲು, ಇನ್ನೊಂದು ಹೊಟ್ಟೆ. ಲೋಕವೆಂದರೆ ಪಡುವಣಕ್ಕೆ ಪುತ್ತೂರು, ಮೂಡಣಕ್ಕೆ ಸಂಪಾಜೆ, ಬಡಗಣಕ್ಕೆ ಕಡಬ. ತೆಂಕಣದಲ್ಲಿ ಕೇರಳವಿದ್ದುದರಿಂದ ಅಲ್ಲಿಯವರ ಅಭಿಪ್ರಾಯವನ್ನು ಯಾರೂ ಕೇಳಿರಲಿಲ್ಲ.

ಅವನು ಬಸ್ಸಿನ ಪಕ್ಕ ನಿಂತು, "ಜಾಲ್ಸೂರು, ಕುಂಬ್ರ, ಪುತ್ತೂರೇ!" ಎಂದು ಕೂಗಿದರೆ ಪಯಸ್ವಿನಿ ಹೊಳೆಯ ಆಚೆ ದಡದಲ್ಲಿ ಬಟ್ಟೆ ಒಗೆಯುತ್ತಿದ್ದವರು, ಪುತ್ತೂರಿನಲ್ಲಿ ಏನೂ ಕೆಲಸವಿಲ್ಲದಿದ್ದರೂ, ಒಮ್ಮೆ ಹೋಗಿ ಬರುವುದೋ ಎಂದು ಯೋಚನೆಗೆ ಬೀಳುತ್ತಿದ್ದರು. ಹೊಟ್ಟೆಯ ಖ್ಯಾತಿ ಇದಕ್ಕೂ ಮಿಗಿಲು. ಅವನು ಬಸ್ ಹತ್ತಬೇಕಾದರೆ ಮೊದಲು ಕಂಡಕ್ಟರ್ ಇಳಿಯಬೇಕು. ಮದುವೆ ಮನೆಗಳಲ್ಲಿ ಅವನು ಎಷ್ಟನೇ ಪಂಕ್ತಿಗೆ ಕೂರುತ್ತಾನೆ ಎಂದು ಅಡುಗೆಯವರು ಮೊದಲೇ ವಿಚಾರಿಸಿಕೊಂಡು, ಅದಕ್ಕೆ ತಕ್ಕಂತೆ ಅನ್ನಕ್ಕೆ ನೀರಿಡುತ್ತಿದ್ದರು.

ಇಂಥ ಹೊಟ್ಟೆಯೊಳಗೆ ಒಂದು ಹುಣ್ಣು ಹುಟ್ಟಿತು. ಉಂಡರೆ ನೋವು, ಉಣ್ಣದಿದ್ದರೆ ಹೆಚ್ಚು ನೋವು. ಎರಡು ನೋವುಗಳಲ್ಲಿ ಉಂಡು ಅನುಭವಿಸುವ ನೋವೇ ಗೌರವದ್ದು ಎಂದು ಚನಿಯಪ್ಪ ವರ್ಷಗಟ್ಟಲೆ ಹೋರಾಡಿದ. ಕಡೆಗೆ ಒಂದು ಬೆಳಿಗ್ಗೆ "ಜಾಲ್ಸೂರು, ಕುಂಬ್ರ" ಎಂದವನು ಪುತ್ತೂರು ಎನ್ನುವ ಮೊದಲೇ ನೆಲಕ್ಕೆ ಬಿದ್ದ. ಅದೇ ಬಸ್ಸಿನಲ್ಲಿ ಮಲಗಿಸಿ ಪುತ್ತೂರಿಗೆ, ಅಲ್ಲಿಂದ ಮಂಗಳೂರಿಗೆ ಸಾಗಿಸಿದರು. ಮಂಗಳೂರಿನ ದೊಡ್ಡ ಆಸ್ಪತ್ರೆಯೊಂದರಲ್ಲಿ ಅವನ ಹೊಟ್ಟೆ ಕೊಯ್ದರು.

ಜೊತೆಗೆ ಹೋದವರು ಹೆಂಡತಿ ಕಮಲಾವತಿಯ ಅಣ್ಣ ಚೆನ್ನಕೇಶವ ಮಾಸ್ತರರು. ಸುಳ್ಯದ ಶಾಲೆಯಲ್ಲಿ ಲೆಕ್ಕ ಕಲಿಸುವವರು. ಲೋಕದಲ್ಲಿ ಲೆಕ್ಕಕ್ಕೆ ಸಿಗದ ವಸ್ತು ಯಾವುದೂ ಇಲ್ಲವೆಂದು ನಂಬಿದವರು. ಆಪರೇಷನ್ ಮುಗಿಸಿ ಬಂದ ಡಾಕ್ಟರು ಅವರನ್ನು ಚನಿಯಪ್ಪನ ಮಂಚದ ಬಳಿಗೆ ಕರೆದು ಹೇಳಿದರು:

"ಹೊಟ್ಟೆಯ ಮುಕ್ಕಾಲು ಭಾಗ ತೆಗೆದಿದ್ದೇವೆ. ಇನ್ನು ಒಂದೇ ಸಲ ತುಂಬ ತಿನ್ನುವಂತಿಲ್ಲ. ಸ್ವಲ್ಪ ಸ್ವಲ್ಪವೇ ತಿನ್ನಬೇಕು, ಆದರೆ ಆಗಾಗ ತಿನ್ನಬೇಕು. ಹಸಿವಾದಾಗ ಕೊಡದಿದ್ದರೆ ಬೆವರಿ, ನಡುಗಿ, ಬಿದ್ದುಬಿಡುತ್ತಾರೆ."

ದುರದೃಷ್ಟವೆಂದರೆ, ಮುಕ್ಕಾಲು ಎಂಬ ಶಬ್ದ ಕಿವಿಗೆ ಬಿದ್ದಮೇಲೆ ಮಾಸ್ತರರಿಗೆ ಬೇರೆ ಯಾವ ಶಬ್ದವೂ ಕೇಳಿಸುವುದಿಲ್ಲ. ಡಾಕ್ಟರು ಮಾತಾಡುತ್ತಿದ್ದಷ್ಟು ಹೊತ್ತೂ ಅವರ ತಲೆಯೊಳಗೆ ಲೆಕ್ಕ ನಡೆಯುತ್ತಿತ್ತು. ಒಂದರಲ್ಲಿ ಮುಕ್ಕಾಲು ಹೋದರೆ ಉಳಿಯುವುದು ಕಾಲು. ಹೊಟ್ಟೆ ಕಾಲು ಆದಮೇಲೆ ಹಸಿವೂ ಕಾಲು. ಹಸಿವು ಕಾಲು ಆದಮೇಲೆ ಊಟವೂ ಕಾಲು. ಉತ್ತರ ಸರಿಯಾಗಿ ಬಂದ ಸಂತೋಷದಲ್ಲಿ ಅವರು ಡಾಕ್ಟರಿಗೆ ಕೈಮುಗಿದರು.

ಡಾಕ್ಟರ ಮಾತಿನಲ್ಲಿದ್ದ 'ಆಗಾಗ' ಎಂಬುದನ್ನು ಕೇಳಿದವನು ಒಬ್ಬನೇ, ಮಂಚದ ಮೇಲೆ ಮದ್ದಿನ ಮಂಪರಿನಲ್ಲಿ ಮಲಗಿದ್ದ ಚನಿಯಪ್ಪ. ಎಚ್ಚರವಾದಾಗ ಅದನ್ನು ಹೇಳಿಯೂ ಹೇಳಿದ. ಆದರೆ ಅದೇ ಉಸಿರಿನಲ್ಲಿ, ಪಕ್ಕದ ಮಂಚದಲ್ಲಿ ಒಂದು ಎಮ್ಮೆ ಕನ್ನಡಕ ಹಾಕಿಕೊಂಡು ಪೇಪರ್ ಓದುತ್ತಿತ್ತು ಎಂದೂ ಹೇಳಿದ್ದರಿಂದ ಅವನ ಸಾಕ್ಷ್ಯವನ್ನು ಯಾರೂ ಪರಿಗಣಿಸಲಿಲ್ಲ.

*

ಚನಿಯಪ್ಪ ಸುಳ್ಯಕ್ಕೆ ಮರಳಿದಾಗ ಕಂಡಕ್ಟರ್ ಇಳಿಯುವ ಅಗತ್ಯವೇ ಬೀಳಲಿಲ್ಲ. ಹಳೆಯ ಅಂಗಿಯೊಳಗೆ ಹೊಸ ಚನಿಯಪ್ಪ, ಗೋಣಿಯಲ್ಲಿ ಹಾಕಿದ ಕೊಡೆಯಂತೆ ಇದ್ದ. ಬಸ್‌ಸ್ಟ್ಯಾಂಡಿನಲ್ಲಿ ಪೇಟೆಯೇ ನೆರೆದಿತ್ತು.

"ಮುಕ್ಕಾಲು ತೆಗೆದ್ರಂತೆ!" ಎಂದು ಯಾರೋ ಹೇಳಿದರು.

ನೆರೆಮನೆಯ ಪೂವಮ್ಮ ಮುದುಕಿ ಮುಂದೆ ಬಂದು ಬಗ್ಗಿ ನೋಡಿ, "ಎರಡು ಕಾಲೂ ಉಂಟಲ್ಲ ಮಾರಾಯ್ರೆ! ಮುಕ್ಕಾಲು ತೆಗಿಲಿಕ್ಕೆ ಇವನಿಗೆ ಮೊದಲು ಎಷ್ಟು ಕಾಲು ಇತ್ತು?" ಎಂದಳು.

"ಹೊಟ್ಟೆ, ಪೂವಮ್ಮಕ್ಕ, ಹೊಟ್ಟೆ. ಕಾಲಲ್ಲ" ಎಂದು ಮಾಸ್ತರರು ತಿದ್ದಿದರು. "ಈಗ ಉಳಿದದ್ದು ಕಾಲು."

"ಅದನ್ನೇ ನಾನು ಹೇಳುದು" ಎಂದು ಪೂವಮ್ಮ ತೃಪ್ತಿಯಿಂದ ಹಿಂದೆ ಸರಿದಳು.

"ಹಾಗಾದ್ರೆ ಇನ್ನು ಹಸಿವಾಗುದಿಲ್ವಾ ಚನಿಯಪ್ಪಣ್ಣ?" ಎಂದು ಕೇಳಿದವನು ಎದುರಿನ ಹೋಟೆಲಿನ ಪೋಕರ್, ಊರವರ ಬಾಯಲ್ಲಿ ಪೋಕರಾಕ.

ಈ ಪ್ರಶ್ನೆಗೆ 'ಆಗ್ತದೆ, ಈಗಲೇ ಆಗ್ತಾ ಉಂಟು' ಎಂದು ಚನಿಯಪ್ಪ ಉತ್ತರ ಕೊಟ್ಟಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಅಷ್ಟು ಜನ ಬಾಯಿಬಿಟ್ಟು ನಿಂತಿರುವಾಗ ಸಾಮಾನ್ಯ ಉತ್ತರ ಕೊಡಲು ಯಾರಿಗೆ ಮನಸ್ಸು ಬರುತ್ತದೆ? ಅವನು ಎದೆ ಸೆಟೆಸಿ, ಕೈಬೀಸಿ, "ಹಸಿವಾ? ಅದನ್ನೆಲ್ಲ ಮಂಗಳೂರಿನಲ್ಲೇ ಬಿಟ್ಟು ಬಂದೆ ಪೋಕರಾಕ!" ಎಂದುಬಿಟ್ಟ.

ಅದೇ ಕ್ಷಣದಲ್ಲಿ ಅವನ ಹೊಟ್ಟೆ ಗುರುಗುಟ್ಟಿತು. ಬಸ್ಸಿನ ಇಂಜಿನ್ ಇನ್ನೂ ನಿಂತಿರದ ಕಾರಣ ಜನ ಅದನ್ನು ಬಸ್ಸಿನ ಮೇಲೆ ಹಾಕಿದರು.

*

ಮನೆಯಲ್ಲಿ ಕಮಲಾವತಿ ನೀರುದೋಸೆ ಹೊಯ್ದಿದ್ದಳು. ನೀರುದೋಸೆಯನ್ನು ಮಡಿಸಿದರೆ ನಾಲ್ಕು ಪದರವಾಗುತ್ತದೆ. ಮಾಸ್ತರರ ದೃಷ್ಟಿಯಲ್ಲಿ ಅದು ಈ ಕಾಯಿಲೆಗೆಂದೇ ಹುಟ್ಟಿದ ತಿಂಡಿ. ಅವರೇ ಕಾವಲಿಯ ಪಕ್ಕ ನಿಂತು ಒಂದು ಪದರವನ್ನು ಕತ್ತರಿಸಿ ಬಟ್ಟಲಿಗೆ ಹಾಕಿಸಿದರು. ಚನಿಯಪ್ಪ ಅದನ್ನು ಬಾಯಿಗೆ ಹಾಕಿಕೊಂಡು, ಉಳಿದದ್ದು ಬರುವುದೆಂದು ಕಾದ. ಉಳಿದದ್ದನ್ನು ಮಾಸ್ತರರು ತಿಂದರು.

"ಕಮಲ, ಇನ್ನೊಂದು ಹಾಕು."

"ಅಯ್ಯೋ ಬೇಡ! ಹೊಲಿಗೆ ಬಿಚ್ಚಿದ್ರೆ ಎಂತ ಗತಿ?"

"ಹೊಲಿಗೆ ಬಿಚ್ಚುದಿಲ್ಲ ಮಾರಾಯ್ತಿ. ಹಸಿವಾಗ್ತದೆ ನಂಗೆ."

"ಆಗ್ತದೆ ಅಂತ ನಿಮಗೆ ತೋರುದು ಭಾವ" ಎಂದು ಮಾಸ್ತರರು ಬೆರಳು ನೆಕ್ಕಿಕೊಳ್ಳುತ್ತಾ ಸಮಾಧಾನ ಹೇಳಿದರು. "ಲೆಕ್ಕದ ಪ್ರಕಾರ ಆಗ್ಲಿಕ್ಕೆ ಸಾಧ್ಯ ಇಲ್ಲ."

ಮಧ್ಯಾಹ್ನ ಊಟಕ್ಕೆ ಕುಚ್ಚಲಕ್ಕಿ ಗಂಜಿ, ಒಂದು ತೆಂಗಿನ ಚಿಪ್ಪಿನಷ್ಟು. ಅದು ಇಳಿದು ಸ್ವಲ್ಪ ಹೊತ್ತಿಗೆಲ್ಲ ಚನಿಯಪ್ಪನ ಕೈ ನಡುಗತೊಡಗಿತು. ಅವನು ಅಡುಗೆಮನೆಗೆ ಹೋಗಿ ನೋಡಿದರೆ ಬಾಗಿಲಿಗೆ ಬೀಗ. ಬೀಗದ ಕೈ ಅತ್ತೆ ದುಗ್ಗಮ್ಮನ ಸೊಂಟದಲ್ಲಿ. ಅಳಿಯನ ಆರೈಕೆಗೆಂದು ಬಂದಿದ್ದ ದುಗ್ಗಮ್ಮನಿಗೆ ಮಗನ ಲೆಕ್ಕ ಅರ್ಥವಾಗುತ್ತಿರಲಿಲ್ಲ. ಆದರೆ ಅಳಿಯನಿಗೆ ಹಸಿವಾಗುತ್ತಿದೆ ಎಂಬುದರಲ್ಲಿ ಮಾತ್ರ ಅವಳಿಗೆ ಸಂಶಯವಿರಲಿಲ್ಲ. ಅದಕ್ಕೆ ಅವಳಲ್ಲಿ ಬೇರೆಯೇ ಕಾರಣವಿತ್ತು.

"ಹಸಿವು ಇವರಿಗಲ್ಲ, ಆ ತುಂಡಿಗೆ" ಎಂದು ಅವಳು ತೀರ್ಪು ಕೊಟ್ಟಳು. "ಮಂಗಳೂರಿನಲ್ಲಿ ಎಲ್ಲಿ ಬಿಸಾಡಿದ್ರೋ ಎಂತದೋ. ನಲ್ವತ್ತು ವರ್ಷ ಹೊಟ್ಟೆತುಂಬ ಉಂಡ ತುಂಡು ಅದು. ಈಗ ಅನ್ನ ಇಲ್ಲದೆ ಅಲೀತಾ ಉಂಟು. ಅದು ಅಲ್ಲಿ ಕೂಗಿದ್ರೆ ಇಲ್ಲಿ ಇವರಿಗೆ ಕೇಳ್ತದೆ. ಅದಕ್ಕೊಂದು ಎಡೆ ಇಡ್ಬೇಕು."

"ತುಂಡಿಗೆ ಕೊಡುದು ಬೇಡ ಅತ್ತೆ, ನನಗೇ ಕೊಡಿ" ಎಂದ ಚನಿಯಪ್ಪ.

"ನಿಮಗೆ ಕೊಟ್ರೆ ಅದಕ್ಕೆ ಮುಟ್ಟುದು ಹೇಗೆ? ನಿಮ್ಮನ್ನೂ ಅದನ್ನೂ ಬೇರೆ ಮಾಡಿ ಆಯ್ತಲ್ಲ" ಎಂದಳು ದುಗ್ಗಮ್ಮ.

ಮುಸ್ಸಂಜೆಗೆ ಹಿತ್ತಿಲಲ್ಲಿ ನೆಲ ಸಾರಿಸಿ, ಬಾಳೆಲೆ ಹಾಕಿ, ಅಗಲಿದ ಮುಕ್ಕಾಲು ಹೊಟ್ಟೆಗೆ ಅಕ್ಕಿ ರೊಟ್ಟಿ ಮತ್ತು ಕೋಳಿ ಸಾರು ಬಡಿಸಿದರು. ದೊಡ್ಡ ತುಂಡು, ದೊಡ್ಡ ಹಸಿವು ಎಂದು ಧಾರಾಳವಾಗಿಯೇ ಬಡಿಸಿದರು. ಮನೆಮಂದಿಯೆಲ್ಲ ಕೈಮುಗಿದು, ಬಂದು ಉಣ್ಣುವವರಿಗೆ ಸಂಕೋಚವಾಗದಿರಲೆಂದು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಚನಿಯಪ್ಪ ಮಾತ್ರ ಮುಂಬಾಗಿಲಿನಿಂದ ಹೊರಬಿದ್ದು, ಮನೆಗೆ ಸುತ್ತು ಹಾಕಿ, ಹಿತ್ತಿಲಿಗೆ ಬಂದ. ಆಗಲೇ ಒಂದು ಕಾಗೆ ಬಂದು ಕೂತಿತ್ತು. ಇಬ್ಬರಿಗೂ ಸ್ವಲ್ಪ ಮಾತುಕತೆ ನಡೆಯಿತು. ಕಾಗೆ ಅವನ ಕಿವಿಯನ್ನು ಕುಕ್ಕಿತು. ಅವನು ಕಾಗೆಯ ಎದುರೇ ಕೋಳಿಯ ಕಾಲನ್ನು ಬಾಯಿಗೆ ಹಾಕಿಕೊಂಡು ನಿಂತ. ಕಾಗೆ ಸೋತು ಹೋಯಿತು. ಆಗ ಒಳಗೆ ಅಗುಳಿ ಸರಿದ ಸದ್ದಾಯಿತು. ಅವನು ಬಾಳೆಯ ಬುಡಕ್ಕೆ ಸರಿದ.

ದುಗ್ಗಮ್ಮ ಚಿಮಿಣಿ ದೀಪ ಹಿಡಿದು ಎಲೆ ನೋಡಿದಳು. ಚೆನ್ನಾಗಿ ಚೀಪಿದ ಎಲುಬು ಕಂಡಿತು. ಆನಂದದಿಂದ ಅವಳ ಕಣ್ಣು ತುಂಬಿತು.

"ಬಂತು! ತುಂಡು ಬಂದು ಉಂಡು ಹೋಯ್ತು! ಇನ್ನು ಅಳಿಯನಿಗೆ ಹಸಿವಿನ ಸುದ್ದಿ ಇಲ್ಲ!"

ಇದನ್ನು ಕೇಳಿ ಚನಿಯಪ್ಪ ತಡೆಯಲಾರದೆ ಬಾಳೆಯ ಮರೆಯಿಂದ ಹೊರಗೆ ಬಂದ. ಮೀಸೆಯಲ್ಲಿ ಸಾರು ಇತ್ತು.

"ಉಂಡದ್ದು ನಾನು ಅತ್ತೆ! ನಾನು!"

"ಅದೇ ನಾನು ಹೇಳುದು" ಎಂದಳು ದುಗ್ಗಮ್ಮ. "ನಿಮ್ಮದೇ ತುಂಡಲ್ವಾ!"

*

ಮನೆಯಲ್ಲಿ ನ್ಯಾಯ ಸಿಗದವನು ಪೇಟೆಗೆ ಹೋಗುತ್ತಾನೆ. ಚನಿಯಪ್ಪ ಮತ್ತೆ ಕೆಲಸಕ್ಕೆ ಸೇರಿದ ದಿನವೇ ಪೋಕರ್‌ನ ಹೋಟೆಲಿಗೆ ನುಗ್ಗಿ, ಗಾಜಿನ ಪೆಟ್ಟಿಗೆಯ ಎದುರಿನ ಬೆಂಚಿನಲ್ಲಿ ಕೂತ. ಪೆಟ್ಟಿಗೆಯಲ್ಲಿ ಆಗ ತಾನೇ ಎಣ್ಣೆಯಿಂದ ತೆಗೆದ ಗೋಳಿಬಜೆಗಳಿದ್ದವು.

"ನಾಲ್ಕು ಗೋಳಿಬಜೆ, ಒಂದು ಚಾ."

ಪೋಕರ್ ಪೆಟ್ಟಿಗೆಗೆ ಅಡ್ಡ ನಿಂತುಕೊಂಡ. ಅವನ ಮುಖದಲ್ಲಿ ಬಹಳ ವರ್ಷದ ಸ್ನೇಹವೂ ಭಯವೂ ಒಟ್ಟಿಗೆ ಇದ್ದವು.

"ಚನಿಯಪ್ಪಣ್ಣ, ಪ್ರಾಣ ಬೇಕಾದ್ರೆ ಕೇಳಿ, ಕೊಡ್ತೇನೆ. ಗೋಳಿಬಜೆ ಕೇಳ್ಬೇಡಿ."

"ನಿಮ್ಮ ಪ್ರಾಣ ನನಗೆಂತಕ್ಕೆ ಪೋಕರಾಕ? ಅದನ್ನು ಚಟ್ನಿಗೆ ಅದ್ದಿ ತಿನ್ಲಿಕ್ಕೆ ಆಗ್ತದಾ?"

"ಮಾಸ್ತರರು ಬಂದು ಹೇಳಿ ಹೋಗಿದ್ದಾರೆ. ಒಂದು ಗೋಳಿಬಜೆ ಇಳಿದ್ರೆ ಸಾಕಂತೆ, ಸೀಸೆಗೆ ಬಿರಡೆ ಹಾಕಿದ ಹಾಗೆ ಕೂತುಬಿಡ್ತದಂತೆ. ನೀವು ನನ್ನ ಬೆಂಚಿನಲ್ಲಿ ಸತ್ರೆ, ನಾಳೆಯಿಂದ ಆ ಬೆಂಚಿನಲ್ಲಿ ಯಾರು ಕೂರುದು? ಚಾ ಕೊಡ್ತೇನೆ. ಅದೂ ಅರ್ಧ ಗ್ಲಾಸು."

"ದುಡ್ಡು ಇಲ್ಲಿ ಉಂಟು, ಬಾಯಿ ಇಲ್ಲಿ ಉಂಟು, ಬಜೆ ಅಲ್ಲಿ ಉಂಟು. ಕೊಡುದಿಲ್ಲ ಅಂದ್ರೆ ಎಂತ ಹೋಟೆಲು ಇದು?"

"ನೀವೇ ಅಲ್ವಾ ಹೇಳಿದ್ದು, ಹಸಿವನ್ನು ಮಂಗಳೂರಿನಲ್ಲಿ ಬಿಟ್ಟು ಬಂದೆ ಅಂತ?"

ಸ್ವಂತ ಬಾಯಿಂದ ಹೊರಟ ಮಾತು ಎದುರು ಸಾಕ್ಷಿಯಾಗಿ ನಿಂತಾಗ ವಾದ ಮಾಡುವುದು ಕಷ್ಟ. ಚನಿಯಪ್ಪ ಅರ್ಧ ಗ್ಲಾಸು ಚಾ ಕುಡಿದು ಎದ್ದ. ಬೇರೆ ಹೋಟೆಲುಗಳಿಗೂ ಹೋಗಿ ನೋಡಿದ. ಮಾಸ್ತರರು ಎಲ್ಲ ಕಡೆಗೂ ಮುಂಚಿತವಾಗಿ ಹೋಗಿ ಬಂದಿದ್ದರು. ಡ್ರೈವರನ ಹೆಸರಿನಲ್ಲಿ ಬನ್ಸ್ ಕಟ್ಟಿಸಿಕೊಳ್ಳಲು ಹೋದರೆ ಡ್ರೈವರನನ್ನೇ ಕರೆಸಿ ವಿಚಾರಿಸಿದರು. ಸಕ್ಕರೆ ಕಾಯಿಲೆಯ ಒಬ್ಬರು ವಕೀಲರಂತೂ ಅವನ ಕೈಹಿಡಿದು, "ನೀವು ಪುಣ್ಯವಂತರು. ನನಗೂ ತೆಗೆದುಬಿಡಿ ಅಂತ ನಾನು ಡಾಕ್ಟರಿಗೆ ಹೇಳುವವನಿದ್ದೇನೆ" ಎಂದು ಕಣ್ಣೀರು ಹಾಕಿದರು.

ಹೀಗೆ ಊರಿಗೆ ಊರೇ ತನ್ನನ್ನು ಕಾಪಾಡುತ್ತಿರಲು ಚನಿಯಪ್ಪ ದಿನೇದಿನೇ ಸೊರಗಿದ. ಒಂದು ದಿನ ಹನ್ನೊಂದು ಗಂಟೆಯ ಹೊತ್ತಿಗೆ ಕಡಬಕ್ಕೆ ಹೋಗುವ ಬಸ್ಸಿನ ಪಕ್ಕ ನಿಂತು ಬಾಯಿಗೆ ಕೈ ಅಡ್ಡ ಹಿಡಿದು ಕೂಗಿದ:

"ಕಡುಬೇ! ಕಡುಬೇ! ಬಿಸಿ ಬಿಸಿ ಕಡುಬೇ! ಯಾರುಂಟು ಕಡುಬಿಗೆ?"

ಕಡಬಕ್ಕೆ ಹೋಗುವವರು ಗಲಿಬಿಲಿಗೊಂಡರು. ಕಡುಬು ತಿನ್ನುವವರು ಬಸ್ ಹತ್ತಿದರು. ಕಂಡಕ್ಟರ್ ಟಿಕೆಟ್ ಕೇಳಿದರೆ, "ಮೊದಲು ಕಡುಬು ಕೊಡು" ಎಂದು ಜಗಳಕ್ಕೆ ನಿಂತರು. ಈ ಗಲಾಟೆಯ ನಡುವೆ ಚನಿಯಪ್ಪ ಬೆವರಿ, ನಡುಗಿ, ಸದ್ದಿಲ್ಲದೆ ಕುಸಿದ.

ಕುಸಿದದ್ದು ಆಗ ತಾನೇ ಪುತ್ತೂರಿನಿಂದ ಬಂದಿಳಿದ ಒಬ್ಬರು ಅಧಿಕಾರಿಗಳ ಕಾಲ ಬುಡದಲ್ಲಿ.

*

ಅದು ಅರವತ್ತೈದನೇ ಇಸವಿ. ದೇಶದಲ್ಲಿ ಯುದ್ಧ ಮುಗಿದು ಅಕ್ಕಿ-ಗೋಧಿಗೆ ತತ್ವಾರ. ಸೋಮವಾರ ಸಂಜೆ ಒಂದು ಹೊತ್ತಿನ ಊಟ ಬಿಡಿ ಎಂದು ಪ್ರಧಾನಮಂತ್ರಿಗಳೇ ಕರೆ ಕೊಟ್ಟಿದ್ದರು. ಸುಳ್ಯದಲ್ಲಿಯೂ ಒಂದು ಸಮಿತಿ ಹುಟ್ಟಿ, ಸೋಮವಾರ ಸಂಜೆ ಹೋಟೆಲುಗಳ ಬಾಗಿಲು ಹಾಕಿಸುತ್ತಿತ್ತು. ಆ ಸಮಿತಿಗೆ ಹುರುಪು ತುಂಬಲು ಬಂದವರೇ ಈ ಅಧಿಕಾರಿಗಳು. ಬಯಲುಸೀಮೆಯವರು. ಒಳ್ಳೆಯವರು. ಭಾಷಣ ಮಾಡುವ ಅವಕಾಶವನ್ನು ಎಂದೂ ಬಿಟ್ಟವರಲ್ಲ.

"ಯಾರಿವರು? ಏನಾಗಿದೆ?" ಎಂದು ಅವರು ಗಾಬರಿಯಾದರು.

ಸಮಿತಿಯ ಕಾರ್ಯದರ್ಶಿಯಾಗಿ ಅವರನ್ನು ಎದುರುಗೊಳ್ಳಲು ಬಂದಿದ್ದ ಚೆನ್ನಕೇಶವ ಮಾಸ್ತರರು ಭಾವನ ಮುಖಕ್ಕೆ ನೀರು ಚಿಮುಕಿಸುತ್ತಾ ಎಲ್ಲವನ್ನೂ ವಿವರಿಸಿದರು. ಮುಕ್ಕಾಲು ಹೊಟ್ಟೆ, ಕಾಲು ದೋಸೆ, ಒಂದು ಚಿಪ್ಪು ಗಂಜಿ. ಅಧಿಕಾರಿಗಳ ಮುಖ ಅರಳುತ್ತಾ ಹೋಯಿತು.

"ಅಂದರೆ, ಈ ಮನುಷ್ಯನಿಗೆ ಹಸಿವೇ ಆಗುವುದಿಲ್ಲವೇ?"

"ಲೆಕ್ಕಕ್ಕೆ ಹಿಡಿಯುವಷ್ಟು ಆಗುವುದಿಲ್ಲ ಸಾರ್."

"ಮಾಸ್ತರೇ! ಇಂಥವರನ್ನು ಬಸ್‌ಸ್ಟ್ಯಾಂಡಿನಲ್ಲಿ ಬಿಟ್ಟಿದ್ದೀರಲ್ಲ! ಇವರು ವೇದಿಕೆಯ ಮೇಲೆ ಇರಬೇಕಾದವರು!"

ಚನಿಯಪ್ಪ ಕಣ್ಣುಬಿಟ್ಟಾಗ ಅವನಿಗೆ ಸನ್ಮಾನ ಮಾಡುವುದೆಂದು ತೀರ್ಮಾನವಾಗಿ ಹೋಗಿತ್ತು. ಅವನು ಕ್ಷೀಣ ದನಿಯಲ್ಲಿ ಕೇಳಿದ್ದು ಒಂದೇ ಮಾತು:

"ಸನ್ಮಾನದ ದಿನ ಊಟ ಉಂಟಾ ಸಾರ್?"

ಅಧಿಕಾರಿಗಳು ಗಹಗಹಿಸಿ ನಕ್ಕು ಅವನ ಬೆನ್ನು ತಟ್ಟಿದರು. "ನೋಡಿ, ಎಂಥ ಹಾಸ್ಯಪ್ರಜ್ಞೆ! ಹಸಿವನ್ನು ಗೆದ್ದವನಿಗೆ ಮಾತ್ರ ಹೀಗೆ ಹಾಸ್ಯ ಮಾಡಲು ಸಾಧ್ಯ."

*

ಸೋಮವಾರ ಸಂಜೆ ಶಾಲೆಯ ಮೈದಾನದಲ್ಲಿ ಸಭೆ. ಹೋಟೆಲುಗಳಿಗೆ ಬಾಗಿಲು ಬಿದ್ದದ್ದರಿಂದ ಬೇರೆ ಹೋಗಲು ಜಾಗವಿಲ್ಲದೆ ಜನ ಕಿಕ್ಕಿರಿದು ಸೇರಿದ್ದರು. ಜಾಲ್ಸೂರಿನಿಂದ, ಸಂಪಾಜೆಯಿಂದ ಬಂದವರೂ ಇದ್ದರು. ಹೊಟ್ಟೆ ಇಲ್ಲದೆ ಬದುಕುವ ಮನುಷ್ಯನನ್ನು ತೋರಿಸುತ್ತಾರಂತೆ ಎಂದು ಸುದ್ದಿಯಾಗಿತ್ತು. ವೇದಿಕೆಯ ಮೇಲೆ ಮೇಜು, ಮೈಕು, ಮಾಸ್ತರರು, ಅಧಿಕಾರಿಗಳು. ಮೇಜಿನ ಹಿಂದೆ, ಕೈಯಿದ್ದ ಕುರ್ಚಿಯಲ್ಲಿ, ಶಾಲು-ಹಾರದ ಭಾರಕ್ಕೆ ಒಂದು ಕಡೆಗೆ ವಾಲಿ ಕೂತ ಚನಿಯಪ್ಪ. ಹೆಂಗಸರ ಸಾಲಿನ ಮೊದಲಲ್ಲಿ ಕಮಲಾವತಿ, ದುಗ್ಗಮ್ಮ, ಪೂವಮ್ಮ.

ಸನ್ಮಾನವೆಂದ ಮೇಲೆ ಶಾಲಿನ ಜೊತೆ ಫಲತಾಂಬೂಲ ಇರಲೇಬೇಕು. ಹಸಿವಿಲ್ಲದವನಿಗೆ ಹಣ್ಣು ಕೊಡುವುದು ಸರಿಯೇ ಎಂದು ಸಮಿತಿಯಲ್ಲಿ ಚರ್ಚೆಯಾಗಿ, ಹಣ್ಣು ಕೊಡುವುದು ಮರ್ಯಾದೆಗೆ, ತಿನ್ನುವುದಕ್ಕಲ್ಲ ಎಂದು ತೀರ್ಮಾನವಾಗಿತ್ತು. ಆದ್ದರಿಂದ ಚನಿಯಪ್ಪನ ಮಡಿಲಲ್ಲಿ ಒಂದು ಹರಿವಾಣ, ಹರಿವಾಣದಲ್ಲಿ ಒಂದು ತೆಂಗಿನಕಾಯಿ, ಒಂದು ಚಿಪ್ಪು ಕದಳಿ ಬಾಳೆಹಣ್ಣು ಇದ್ದವು. ಚೆನ್ನಾಗಿ ಹಣ್ಣಾಗಿದ್ದವು. ಅವುಗಳ ಪರಿಮಳ ನೇರವಾಗಿ ಅವನ ಮೂಗಿಗೆ ಏರುತ್ತಿತ್ತು. ಬೆಳಿಗ್ಗೆಯಿಂದ ಅವನು ಏನೂ ತಿಂದಿರಲಿಲ್ಲ. ವೇದಿಕೆಯ ಮೇಲೆ ಮುಖದಲ್ಲಿ ತೇಜಸ್ಸು ಕಾಣಬೇಕೆಂದು ಮಾಸ್ತರರು ಮಧ್ಯಾಹ್ನದ ಗಂಜಿಯನ್ನೂ ತಪ್ಪಿಸಿದ್ದರು.

ಅಧಿಕಾರಿಗಳು ಮೈಕಿನ ಮುಂದೆ ನಿಂತರು. ಬೆನ್ನು ಚನಿಯಪ್ಪನ ಕಡೆಗೆ, ಮುಖ ಸಭೆಯ ಕಡೆಗೆ.

"ಮಹನೀಯರೇ, ಮಹಿಳೆಯರೇ! ನಮ್ಮ ಪುರಾಣಗಳಲ್ಲಿ ಗಾಳಿ ಕುಡಿದು ಬದುಕಿದ ಋಷಿಗಳಿದ್ದಾರೆ. ನಾವು ನಂಬುತ್ತಿರಲಿಲ್ಲ. ಇಂದು ನಿಮ್ಮ ಸುಳ್ಯದಲ್ಲಿ ನಮ್ಮ ಕಣ್ಣೆದುರು ಒಬ್ಬರು ಕೂತಿದ್ದಾರೆ!"

ಚನಿಯಪ್ಪನ ಹಣೆಯಲ್ಲಿ ಬೆವರು ಮೂಡಿತು. ಕೈ ನಡುಗಿತು. ನಡುಗಿದ ಕೈ ಹರಿವಾಣದ ಮೇಲೆ ಬಿತ್ತು.

"ಎದುರಿಗೆ ಮೃಷ್ಟಾನ್ನವಿದ್ದರೂ ಇವರ ಮನಸ್ಸು ಚಲಿಸುವುದಿಲ್ಲ!"

ಒಂದು ಹಣ್ಣಿನ ಸಿಪ್ಪೆ ಸುಲಿಯಿತು.

ಸಭೆಯಲ್ಲಿ ಯಾರೋ ಕಿಸಕ್ಕೆಂದರು.

"ಇವರ ಬಾಯಿ ಮಾತಾಡಲು ಮಾತ್ರ ಇರುವುದು! ತಿನ್ನಲು ಅಲ್ಲ!"

ಹಣ್ಣು ಬಾಯಿಯೊಳಗೆ ಹೋಯಿತು. ಸಭೆ ಚಪ್ಪಾಳೆ ತಟ್ಟಿತು. ಅಧಿಕಾರಿಗಳಿಗೆ ಇಂಥ ಚಪ್ಪಾಳೆ ಜೀವಮಾನದಲ್ಲಿ ಸಿಕ್ಕಿರಲಿಲ್ಲ. ಅವರ ಸ್ವರ ಏರಿತು.

"ಇವರನ್ನು ನಾನು ಇಲ್ಲಿಗೇ ಬಿಡುವುದಿಲ್ಲ! ಪುತ್ತೂರಿಗೆ ಕರೆದೊಯ್ಯುತ್ತೇನೆ! ಬೆಟ್ಟಂಪಾಡಿಗೆ, ಕಡಬಕ್ಕೆ ಕರೆದೊಯ್ಯುತ್ತೇನೆ! ಪ್ರತಿ ಸೋಮವಾರ ಒಂದೊಂದು ಊರಿನಲ್ಲಿ ಜನ ಇವರನ್ನು ನೋಡಿ ಕಲಿಯಬೇಕು!"

ಎರಡನೇ ಹಣ್ಣು ಸುಲಿಯಿತು. ಮಾಸ್ತರರು ಆಗ ನೋಡಿದರು. ಹಲ್ಲು ಕಚ್ಚಿ, "ಭಾವ! ಭಾವ! ಇಡಿ ಕೆಳಗೆ!" ಎಂದು ಪಿಸುಗುಟ್ಟಿದರು. ಚನಿಯಪ್ಪ ಅವರ ಮುಖವನ್ನೇ ನೋಡುತ್ತಾ, ಆತುರವಿಲ್ಲದೆ ಒಂದು ತುಂಡು ಕಚ್ಚಿದ.

"ಅಷ್ಟೇ ಅಲ್ಲ! ಇವರ ಪಾಲಿಗೆ ಬರುವ ಅಕ್ಕಿಯಲ್ಲಿ ಮುಕ್ಕಾಲನ್ನು ಇವರು ದೇಶಕ್ಕೆ ಬಿಟ್ಟುಕೊಡುತ್ತಾರೆಂದು ಇವರ ಭಾವನವರು ನನಗೆ ಮಾತು ಕೊಟ್ಟಿದ್ದಾರೆ!"

ಚಪ್ಪಾಳೆ ಒಮ್ಮೆಲೇ ನಿಂತಿತು. ಯಾಕೆಂದರೆ ಹೆಂಗಸರ ಸಾಲಿನಲ್ಲಿ ಕಮಲಾವತಿ ಎದ್ದು ನಿಂತಿದ್ದಳು. ಗಂಡಸರು ಸೇರಿದ ಸಭೆಯಲ್ಲಿ ಅವಳು ಅದುವರೆಗೆ ಕೆಮ್ಮಿದವಳೂ ಅಲ್ಲ. ಗಂಡನ ಕೈ ನಡುಗುವುದನ್ನು ಅವಳು ಆಗಿನಿಂದ ನೋಡುತ್ತಲೇ ಇದ್ದಳು. ಮೊದಲನೇ ಹಣ್ಣು ಒಳಗೆ ಹೋದಮೇಲೆ ಆ ನಡುಕ ಕಡಿಮೆಯಾದದ್ದನ್ನೂ ನೋಡಿದ್ದಳು.

"ಅಣ್ಣ! ಒಂದು ಮಾತು ಕೇಳ್ತೇನೆ, ಸತ್ಯ ಹೇಳು. ಮುಕ್ಕಾಲು ತೆಗೆದೆ ಅಂತ ಹೇಳಿದ ಮೇಲೆ ಡಾಕ್ಟರು ಎಂತ ಹೇಳಿದ್ರು?"

"ಆಮೇಲೆ..." ಎಂದು ಮಾಸ್ತರರು ತಡವರಿಸಿದರು.

"ಬಾಯಿ ಮುಚ್ಚಿಕೊಂಡು ಕೂತ್ರಾ?"

"ಇಲ್ಲ, ತುಂಬ ಮಾತಾಡಿದ್ರು."

"ಎಂತ ಮಾತಾಡಿದ್ರು?"

ಮೈಕು ಹತ್ತಿರವೇ ಇದ್ದುದರಿಂದ ಮಾಸ್ತರರ ಸಣ್ಣ ದನಿ ಇಡೀ ಮೈದಾನಕ್ಕೆ ಕೇಳಿಸಿತು:

"ನಾನು ಲೆಕ್ಕ ಮಾಡ್ತಾ ಇದ್ದೆ."

ಅಧಿಕಾರಿಗಳು ಏನು ನಡೆಯುತ್ತಿದೆಯೆಂದು ತಿಳಿಯದೆ ಹಿಂದೆ ತಿರುಗಿದರು. ಗಾಳಿ ಕುಡಿದು ಬದುಕುವ ಋಷಿಗಳ ಎರಡು ಕೆನ್ನೆಗಳೂ ಉಬ್ಬಿದ್ದವು. ಮಡಿಲಲ್ಲಿ ಸಿಪ್ಪೆಗಳಿದ್ದವು.

"ಏನ್ರೀ ಇದು?"

ಚನಿಯಪ್ಪ ನಿಧಾನವಾಗಿ ನುಂಗಿದ. ಹಾರ ತೆಗೆದು ಮೇಜಿನ ಮೇಲಿಟ್ಟ. ಎದ್ದು ಬಂದು ಮೈಕಿನ ಎದುರು ನಿಂತ. ಆಮೇಲೆ, ಅವನಂಥ ಗಂಟಲಿಗೆ ಆ ಸಾಮಾನಿನ ಅಗತ್ಯವೇನು ಎಂದು ತೋರಿತೋ ಏನೋ, ಅದನ್ನು ಪಕ್ಕಕ್ಕೆ ಸರಿಸಿ, ಆಪರೇಷನ್ ಆದಮೇಲೆ ಮೊದಲ ಬಾರಿಗೆ ಹಳೆಯ ಸ್ವರದಲ್ಲಿ ಕೂಗಿದ:

"ನನಗೆ ಹಸಿವಾಗ್ತದೆ!"

ಮೈದಾನದ ಬದಿಯ ಮರಗಳಿಂದ ಹಕ್ಕಿಗಳು ಎದ್ದು ಹಾರಿದವು.

"ಬೆಳಿಗ್ಗೆ ಆಗ್ತದೆ! ಮಧ್ಯಾಹ್ನ ಆಗ್ತದೆ! ಮಧ್ಯಾಹ್ನಕ್ಕೂ ಸಂಜೆಗೂ ನಡುವೆ ಆಗ್ತದೆ! ಮೊದಲು ಆದದ್ದಕ್ಕಿಂತ ಜಾಸ್ತಿ ಆಗ್ತದೆ! ಹೊಟ್ಟೆ ಅವರು ತೆಗೆದ್ರು, ಹಸಿವು ತೆಗಿಲಿಲ್ಲ! ಮಂಗಳೂರಿನಲ್ಲಿ ಬಿಟ್ಟು ಬಂದೆ ಅಂತ ನಾನು ಹೇಳಿದ್ದು ಸುಳ್ಳು! ಜನ ಸೇರಿದ್ರು, ಜಂಬ ಬಂತು, ಹೇಳಿದೆ! ಆ ಒಂದು ಸುಳ್ಳಿಗೆ ಎಷ್ಟು ದಿನ ಗಂಜಿ ತಪ್ಪಿಸ್ತೀರಿ?"

"ಆದರೆ ಭಾವ, ಲೆಕ್ಕದ ಪ್ರಕಾರ..." ಎಂದು ಮಾಸ್ತರರು ಕೊನೆಯ ಪ್ರಯತ್ನ ಮಾಡಿದರು.

"ನಿಮ್ಮ ಲೆಕ್ಕ ನಿಮ್ಮ ಬೋರ್ಡಿನಲ್ಲಿ ಇರ್ಲಿ ಭಾವ! ನನ್ನ ಹೊಟ್ಟೆಯ ಮೇಲೆ ಬರಿಬೇಡಿ!"

ಅಧಿಕಾರಿಗಳು ಅವನ ತೋಳು ಹಿಡಿದು ತಗ್ಗಿದ ಸ್ವರದಲ್ಲಿ, "ಸ್ವಾಮಿ, ದಯವಿಟ್ಟು. ದೇಶದ ಪ್ರಶ್ನೆ. ಇವತ್ತೊಂದು ಸಂಜೆ ತಡೆದುಕೊಳ್ಳಿ" ಎಂದರು.

"ದೇಶಕ್ಕೆ ಬೇಕಾದ್ರೆ ನನ್ನ ಗಂಟಲು ಕೊಡ್ತೇನೆ ಸಾರ್. ಎಲ್ಲಿ ಬೇಕಾದ್ರೂ ನಿಂತು ಕೂಗ್ತೇನೆ. ಇರುವ ಕಾಲು ಹೊಟ್ಟೆ ಮಾತ್ರ ನನಗೆ ಬೇಕು" ಎಂದು ಚನಿಯಪ್ಪ ಶಾಲನ್ನು ಹೆಗಲಿಗೇರಿಸಿಕೊಂಡು, ಹರಿವಾಣವನ್ನು ಕಂಕುಳಲ್ಲಿ ಹಿಡಿದುಕೊಂಡು ವೇದಿಕೆಯಿಂದ ಇಳಿದ.

ಅವನು ನೇರವಾಗಿ ಪೇಟೆಯ ಕಡೆಗೆ ನಡೆದ. ಹಿಂದೆ ಕಮಲಾವತಿ. ಅವಳ ಹಿಂದೆ, ಎಡೆ ಇಟ್ಟದ್ದರಲ್ಲಿ ತಪ್ಪೇನಾಯಿತೆಂದು ಯೋಚಿಸುತ್ತಾ ದುಗ್ಗಮ್ಮ. ಅವಳ ಹಿಂದೆ, ಇನ್ನೂ ಅವನ ಕಾಲುಗಳನ್ನೇ ನೋಡುತ್ತಾ ಪೂವಮ್ಮ. ಅವರ ಹಿಂದೆ ಇಡೀ ಸಭೆ. ಮೈದಾನದಲ್ಲಿ ಮೈಕಿನವನು ಮಾತ್ರ ಉಳಿದ.

ಪೋಕರ್‌ನ ಹೋಟೆಲಿನ ಮುಂಭಾಗಕ್ಕೆ ಹಲಗೆಗಳನ್ನು ಜೋಡಿಸಿ ಮುಚ್ಚಿತ್ತು. ಚನಿಯಪ್ಪ ಹಲಗೆಗೆ ಬಡಿದ.

"ಇವತ್ತು ಸೋಮವಾರ!" ಎಂದು ಒಳಗಿನಿಂದ ಪೋಕರ್‌ನ ಸ್ವರ ಬಂತು. "ಸಮಿತಿಯವರು ಬಯ್ತಾರೆ!"

"ಪೋಕರಾಕ, ನಾನು ಚನಿಯಪ್ಪ. ಸಮಿತಿ ನನ್ನ ಹಿಂದೆಯೇ ಉಂಟು. ನೀವು ಬಾಗಿಲು ತೆಗೆದ್ರೆ ನಾನು ಉಣ್ತೇನೆ. ತೆಗಿಯದಿದ್ರೆ ಇಲ್ಲಿಯೇ ಜಗಲಿಯಲ್ಲಿ ಬೀಳ್ತೇನೆ. ಎರಡರಲ್ಲಿ ನಿಮಗೆ ಯಾವುದು ಆಗ್ಬಹುದು ನೋಡಿ."

ಒಳಗೆ ಬೆಂಚು ಸರಿದ ಸದ್ದು, ಯಾರೋ ಅವಸರದಲ್ಲಿ ಬಾಯಿ ಮುಕ್ಕಳಿಸಿದ ಸದ್ದು. ಪೋಕರ್ ಒಂದು ಹಲಗೆ ತೆಗೆದ. ಒಳಗೆ ಲಾಟೀನಿನ ಬೆಳಕಿನಲ್ಲಿ ಸಮಿತಿಯ ಅಧ್ಯಕ್ಷರೂ ಖಜಾಂಚಿಗಳೂ, ಸಭೆಗೆ ಬರಲಾಗದಷ್ಟು ಜ್ವರವೆಂದು ಹೇಳಿಕಳಿಸಿದ್ದವರು, ಗೋಡೆಯ ಕಡೆಗೆ ಮುಖ ಮಾಡಿ ಕೂತಿದ್ದರು. ಎದುರಿಗೆ ಪತ್ತಿರ್ ರೊಟ್ಟಿ, ಮೀನಿನ ಸಾರು.

ಚನಿಯ‍ಪ್ಪ ಅವರಿಬ್ಬರ ನಡುವೆ ಜಾಗ ಮಾಡಿಕೊಂಡು ಕೂತ. ಕಮಲಾವತಿ ಹೊಸ್ತಿಲಲ್ಲಿ ಸೆರಗು ಬಿಗಿದು ನಿಂತು, "ಅವರಿಗೆ ಬಡಿಸಿ. ಏನಾದ್ರೂ ಆದ್ರೆ ನಾನು ಜವಾಬ್ದಾರಿ" ಎಂದಳು. ಹೊರಗೆ ಜನ ಒಬ್ಬರ ಹೆಗಲ ಮೇಲೊಬ್ಬರು ಬಗ್ಗಿ ನೋಡುತ್ತಿದ್ದರು. ಬಿರಡೆ ಬೀಳುತ್ತದೆಯೋ ಹೊಲಿಗೆ ಬಿಚ್ಚುತ್ತದೆಯೋ ಎಂದು ಅವರಲ್ಲಿ ಎರಡು ಪಕ್ಷಗಳಾಗಿದ್ದವು. ಅಧಿಕಾರಿಗಳು ಬೆವರೊರೆಸುತ್ತಾ ಬಂದು, ಒಳಗಿನಿಂದ ಬಂದ ಸಾರಿನ ಪರಿಮಳಕ್ಕೆ ಮಾತು ಮರೆತು, ಹಲಗೆಗೆ ಆತು ನಿಂತರು.

ಪೋಕರ್ ದೊಡ್ಡ ಬಟ್ಟಲಿನಲ್ಲಿ ಪತ್ತಿರ್ ರಾಶಿ ಹಾಕಿ, ಮೇಲೆ ಸಾರು ಹೊಯ್ದು, 'ಬಿಸ್ಮಿಲ್ಲಾ' ಎಂದು ಮುಂದಿಟ್ಟ. ಚನಿಯಪ್ಪ ಒಂದು ತುಂಡು ಮುರಿದು, ಸಾರಿನಲ್ಲಿ ಅದ್ದಿ, ಬಾಯಿಗಿಟ್ಟು, ಕಣ್ಣು ಮುಚ್ಚಿದ. ಎರಡನೆಯದು. ಮೂರನೆಯದು. ಪೇಟೆ ಉಸಿರು ಬಿಗಿಹಿಡಿದು ನೋಡಿತು. ಅವನ ಮುಖಕ್ಕೆ ರಕ್ತ ಬಂತು. ಕೈಯ ನಡುಕ ನಿಂತಿತು. ಬಿರಡೆ ಬೀಳಲಿಲ್ಲ, ಹೊಲಿಗೆ ಬಿಚ್ಚಲಿಲ್ಲ.

ಒಂದು ರೊಟ್ಟಿ ಮುಗಿಯುತ್ತಲೇ ಅವನು ಬಟ್ಟಲನ್ನು ಹಿಂದಕ್ಕೆ ತಳ್ಳಿ, ತೃಪ್ತಿಯಿಂದ ಒಂದು ತೇಗು ತೇಗಿ, "ಸಾಕು" ಎಂದ.

ಪೋಕರ್ ಬಟ್ಟಲು ನೋಡಿದ. ರಾಶಿ ಹಾಗೆಯೇ ಇತ್ತು.

"ಎಂತ ಚನಿಯಪ್ಪಣ್ಣ! ಇಷ್ಟಕ್ಕಾ ಇಷ್ಟು ದೊಡ್ಡ ಗಲಾಟೆ?"

"ಹೌದು, ಇಷ್ಟಕ್ಕೇ" ಎಂದು ಚನಿಯಪ್ಪ ಎದ್ದು ಕೈತೊಳೆದ. ಶಾಲಿನ ಅಂಚಿಗೆ ಬಾಯಿ ಒರೆಸಿಕೊಂಡು, ಬಟ್ಟಲಿನ ಮೇಲೆ ಕಣ್ಣಿಟ್ಟಿದ್ದ ಅಧಿಕಾರಿಗಳಿಗೆ ಬೆಂಚಿನಲ್ಲಿ ತನ್ನ ಜಾಗವನ್ನು ತೋರಿಸಿ, ಹೊಸ್ತಿಲು ದಾಟುವಾಗ ತಿರುಗಿ ಹೇಳಿದ:

"ಹಲಗೆ ಹಾಕ್ಬೇಡಿ ಪೋಕರಾಕ. ಇನ್ನು ಸ್ವಲ್ಪ ಹೊತ್ತು ಬಿಟ್ಟು ಪುನಃ ಬರ್ತೇನೆ."